ಅಳತೆ ತಪ್ಪಿದ್ದು ಡಿಸ್ಕಿನದೋ, ನಮ್ಮದೋ?



ಮನೆಯೆಂದಮೇಲೆ ಕೂಡಿಡುವ ವಸ್ತುಗಳು ಇದ್ದೇ ಇರುತ್ತವೆ. ನಮ್ಮ ಹಿರಿಯರು ಕಾಳುಕಡಿಯನ್ನು ಹಗೇವಿನಲ್ಲಿ, ಒಡವೆ ವಸ್ತ್ರಗಳನ್ನು ಪೆಟ್ಟಿಗೆಯಲ್ಲಿ, ಕಾಗದಪತ್ರಗಳನ್ನು ಗೋಡೆಯ ಗೂಡಿನಲ್ಲಿ ಕಾಪಾಡಿಕೊಂಡು ಬಂದರು. ಇಂದು ಮಕ್ಕಳ ಮದುವೆಯ ಚಿತ್ರಗಳು, ಹಿರಿಯರ ಧ್ವನಿ, ಹೊಲಮನೆಗಳ ದಾಖಲೆ ಎಲ್ಲವೂ ಅಂಗೈಯಗಲದ ಹಾರ್ಡ್ ಡಿಸ್ಕಿನೊಳಗೆ ಸೇರಿಕೊಂಡಿವೆ. ಹಗೇವಿಗೆ ಎಷ್ಟು ಚೀಲ ಜೋಳ ಹಿಡಿಯುತ್ತದೆಂಬುದು ಮನೆಯ ಯಜಮಾನನಿಗೆ ಕಣ್ಣಳತೆಯಿಂದಲೇ ತಿಳಿಯುತ್ತಿತ್ತು. ಡಿಸ್ಕಿನ ಮಾತು ಹಾಗಲ್ಲ. ಅದರ ಹೊರಕವಚದ ಮೇಲೆ ಬರೆದುದನ್ನೋ, ಕಂಪ್ಯೂಟರಿನ ಪರದೆ ತೋರಿಸಿದ್ದನ್ನೋ ನಂಬದೆ ನಮಗೆ ಬೇರೆ ದಾರಿಯಿಲ್ಲ. ಆ ಎರಡು ಅಂಕಿಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಯಾವುದನ್ನು ನಂಬಬೇಕು? ಈ ಪ್ರಶ್ನೆಗೆ ಉತ್ತರ ತಿಳಿಯದೆ ನಾವು ಒಬ್ಬ ಪ್ರಾಮಾಣಿಕನನ್ನು ನೋಯಿಸಿದೆವು. ಅದಕ್ಕಿಂತ ದೊಡ್ಡದೊಂದು ನಷ್ಟವನ್ನೂ ಮಾಡಿಕೊಂಡೆವು. ಅದು ಇನ್ನೊಬ್ಬರ ಮನೆಯಲ್ಲಿ ಆಗದಿರಲಿ ಎಂಬ ಉದ್ದೇಶದಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ತಾಯಿಯವರು ಲಿಂಗೈಕ್ಯರಾಗಿ ಹಲವು ವರ್ಷಗಳಾದವು. ಅವರು ಹಾಡುತ್ತಿದ್ದ ಬೀಸುವ ಪದ, ಸೋಬಾನೆ ಪದಗಳನ್ನು ನಮ್ಮ ಅಕ್ಕನವರು ಆ ಕಾಲದಲ್ಲಿಯೇ ಕ್ಯಾಸೆಟ್ಟುಗಳಲ್ಲಿ ತುಂಬಿಟ್ಟಿದ್ದರು. ಕ್ಯಾಸೆಟ್ಟುಗಳಿಗೆ ಬೂಸಲು ಹಿಡಿಯತೊಡಗಿದಾಗ ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡೆವು. ಮದುವೆಗಳ ವಿಡಿಯೋ, ಹಳೆಯ ಭಾವಚಿತ್ರಗಳು ಇವುಗಳೊಡನೆ ಎಲ್ಲವನ್ನೂ ಒಂದೆಡೆ ಭದ್ರವಾಗಿಡಬೇಕೆಂದು ನಮ್ಮೂರಿನ ಪರಿಚಯದ ಅಂಗಡಿಯಲ್ಲಿ 1 ಟೆರಾಬೈಟಿನ ಹಾರ್ಡ್ ಡಿಸ್ಕೊಂದನ್ನು ಕೊಂಡು ತಂದೆವು. ಮನೆಗೆ ಬಂದು ಕಂಪ್ಯೂಟರಿಗೆ ಜೋಡಿಸಿದರೆ ಪರದೆಯ ಮೇಲೆ 931 ಗಿಗಾಬೈಟ್ ಎಂದು ತೋರಿತು. ಸಾವಿರಕ್ಕೆ ಅರವತ್ತೊಂಬತ್ತು ಕಡಿಮೆ! ತೂಕದಲ್ಲಿ ಮೋಸವಾಯಿತೆಂದೇ ನಮಗೆ ಅನ್ನಿಸಿತು. ಮರುದಿನವೇ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರಿಗೆ ಅಂಗಡಿಯ ತರುಣನನ್ನು ತರಾಟೆಗೆ ತೆಗೆದುಕೊಂಡೆವು.

"ಯಜಮಾನ್ರೇ, ಇದು ಎಲ್ಲಾ ಡಿಸ್ಕಿನಲ್ಲೂ ಹೀಗೇ ತೋರಿಸುತ್ತದೆ. ಕೆಳಗೆ ಬೈಟಿನ ಲೆಕ್ಕ ಇದೆ, ದಯವಿಟ್ಟು ಅದನ್ನೊಮ್ಮೆ ನೋಡಿ" ಎಂದು ಆತ ವಿನಯದಿಂದಲೇ ಹೇಳಿದ. "ಲೆಕ್ಕ ನಮಗೆ ಕಲಿಸಬೇಡಪ್ಪಾ" ಎಂದು ನಾವು ಮಾತು ಮುಗಿಸಿದೆವು. ಆತ ಮತ್ತೇನೂ ಆಡದೆ ಹಣ ಹಿಂದಿರುಗಿಸಿದ.

ಕೆಲವು ದಿನಗಳ ಬಳಿಕ ಅಂತರ್ಜಾಲದ ಮೂಲಕ 2 ಟೆರಾಬೈಟಿನದೆಂದು ಹೇಳಿದ ಪೆನ್‌ಡ್ರೈವೊಂದನ್ನು ಏಳುನೂರು ರೂಪಾಯಿಗೆ ತರಿಸಿದೆವು. ಕಂಪ್ಯೂಟರಿಗೆ ಚುಚ್ಚಿದರೆ 2.00 ಟೆರಾಬೈಟ್ ಎಂದು ಪೂರ್ತಿಯಾಗಿ ತೋರಿಸಿತು. "ಇದಪ್ಪಾ ಪ್ರಾಮಾಣಿಕತೆ!" ಎಂದು ಸಂತೋಷಪಟ್ಟೆವು. ಮೊದಲು ಮದುವೆಯ ವಿಡಿಯೋಗಳನ್ನು, ಆಮೇಲೆ ಚಿತ್ರಗಳನ್ನು, ಕೊನೆಗೆ ತಾಯಿಯವರ ಹಾಡುಗಳನ್ನು ಅದಕ್ಕೆ ತುಂಬಿದೆವು. ಒಂದೆರಡು ವಿಡಿಯೋ ತೆರೆದು ನೋಡಿ, ಸರಿಯಾಗಿವೆಯೆಂದು ನೆಮ್ಮದಿಗೊಂಡು, ಕಂಪ್ಯೂಟರಿನಲ್ಲಿದ್ದ ಮೂಲವನ್ನು ಜಾಗಕ್ಕಾಗಿ ಅಳಿಸಿಬಿಟ್ಟೆವು. ಬೂಸಲು ಹಿಡಿದ ಕ್ಯಾಸೆಟ್ಟುಗಳು ಅದಾಗಲೇ ರದ್ದಿಗೆ ಹೋಗಿದ್ದವು.

ಆರು ತಿಂಗಳ ತರುವಾಯ ತಾಯಿಯವರ ಪುಣ್ಯಸ್ಮರಣೆಯ ದಿನ ಬಂಧುಗಳೆಲ್ಲ ಸೇರಿದಾಗ ಹಾಡು ಕೇಳಿಸೋಣವೆಂದು ಪೆನ್‌ಡ್ರೈವ್ ಜೋಡಿಸಿದೆವು. ಹಾಡುಗಳ ಹೆಸರುಗಳೆಲ್ಲ ಸಾಲಾಗಿ ಇದ್ದವು. ಅವುಗಳ ಗಾತ್ರವೂ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಒಂದೂ ಹಾಡಲಿಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಅಣ್ಣನ ಮಗಳು ಅರ್ಧ ತಾಸು ಅದನ್ನು ಪರೀಕ್ಷಿಸಿ, "ಚಿಕ್ಕಪ್ಪಾ, ಅಜ್ಜಿಯ ಹಾಡು ಇದರೊಳಗೆ ಬಂದೇ ಇಲ್ಲ" ಎಂದಳು. ಆ ಮಾತು ಕೇಳಿದಾಗ ನೆರೆದವರ ನಡುವೆ ಕವಿದ ಮೌನವನ್ನು ನಾವು ಈಗಲೂ ಮರೆತಿಲ್ಲ.

ಕಡಿಮೆ ತೋರಿಸಿದ ಡಿಸ್ಕು ಪ್ರಾಮಾಣಿಕವಾಗಿತ್ತು. ಪೂರ್ತಿ ತೋರಿಸಿದ್ದು ಸುಳ್ಳು ಹೇಳಿತ್ತು. ಇದು ಹೇಗೆಂಬುದನ್ನು ಮುಂದೆ ಕ್ರಮವಾಗಿ ವಿವರಿಸುತ್ತೇವೆ.

ಹೆಸರೊಂದು, ಅಳತೆ ಎರಡು

ಕಂಪ್ಯೂಟರಿನಲ್ಲಿ ಸಂಗ್ರಹವಾಗುವ ಮಾಹಿತಿಯನ್ನು ಬೈಟ್ ಎಂಬ ಘಟಕದಿಂದ ಎಣಿಸುತ್ತಾರೆ. ಡಿಸ್ಕು ತಯಾರಿಸುವವರು ನಾವು ಶಾಲೆಯಲ್ಲಿ ಕಲಿತ ದಶಮಾನ ಪದ್ಧತಿಯನ್ನೇ ಅನುಸರಿಸುತ್ತಾರೆ. ಸಾವಿರ ಬೈಟಿಗೆ ಒಂದು ಕಿಲೋಬೈಟ್, ಸಾವಿರ ಕಿಲೋಬೈಟಿಗೆ ಒಂದು ಮೆಗಾಬೈಟ್, ಸಾವಿರ ಮೆಗಾಬೈಟಿಗೆ ಒಂದು ಗಿಗಾಬೈಟ್, ಸಾವಿರ ಗಿಗಾಬೈಟಿಗೆ ಒಂದು ಟೆರಾಬೈಟ್. ಹೀಗಾಗಿ 1 ಟೆರಾಬೈಟ್ ಎಂದರೆ 10,00,00,00,00,000, ಅಂದರೆ ಒಂದು ಲಕ್ಷ ಕೋಟಿ ಬೈಟ್.

ಆದರೆ ಕಂಪ್ಯೂಟರಿನ ಅಂತರಂಗದ ಗಣಿತ ಎರಡರ ಮೇಲೆ ನಿಂತದ್ದು. ಎರಡನ್ನು ಹತ್ತು ಬಾರಿ ಗುಣಿಸಿದರೆ 1,024 ಬರುತ್ತದೆ. ಇದು ಸಾವಿರಕ್ಕೆ ಹತ್ತಿರವಾದುದರಿಂದ ಆರಂಭಕಾಲದ ತಂತ್ರಜ್ಞರು 1,024ನ್ನೇ 'ಕಿಲೋ' ಎಂದು ಕರೆದು ರೂಢಿ ಮಾಡಿಕೊಂಡರು. ವಿಂಡೋಸ್ ವ್ಯವಸ್ಥೆಯು ಇಂದಿಗೂ ಈ ರೂಢಿಯಂತೆಯೇ ಎಣಿಸುತ್ತದೆ. ಅದರ ಲೆಕ್ಕದಲ್ಲಿ ಒಂದು ಗಿಗಾಬೈಟ್ ಎಂದರೆ 1,024ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 1,07,37,41,824 ಬೈಟ್. ಒಂದು ಲಕ್ಷ ಕೋಟಿಯನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬರುವ ಉತ್ತರ 931. ನಮ್ಮ ಡಿಸ್ಕಿನಲ್ಲಿ ಒಂದು ಬೈಟೂ ಕಳೆದುಹೋಗಿರಲಿಲ್ಲ. ಅದೇ ಜೋಳವನ್ನು ದೊಡ್ಡ ಸೇರಿನಿಂದ ಅಳೆದಾಗ ಸೇರಿನ ಎಣಿಕೆ ಕಡಿಮೆಯಾಯಿತು, ಅಷ್ಟೆ. ನಮ್ಮ ಸೀಮೆಯ ಸಂತೆಗಳಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂಬ ಎರಡು ಅಳತೆಗಳಿದ್ದುದನ್ನು ಹಿರಿಯರು ಬಲ್ಲರು. ಕೊಳ್ಳುವಾಗ ಯಾವ ಸೇರು ಎಂದು ಕೇಳದಿದ್ದವನು ಜಗಳ ಮಾಡಿಕೊಂಡೇ ಮನೆಗೆ ಬರುತ್ತಿದ್ದ.

ಇಂತಹ ಗೊಂದಲ ನಮ್ಮ ದೇಶಕ್ಕೆ ಹೊಸದೂ ಅಲ್ಲ. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿ ಬರುವ ಮುನ್ನ ರೂಪಾಯಿಗೆ 16 ಆಣೆ, 64 ಪೈಸೆಗಳಿದ್ದವು. ಅಂದಿನಿಂದ ರೂಪಾಯಿಗೆ 100 ಪೈಸೆಯಾಯಿತು. ಹಳೆಯ ಪೈಸೆ, ಹೊಸ ಪೈಸೆ ಎರಡೂ ಒಂದೇ ಹೆಸರಿನಿಂದ ನಡೆದರೆ ಜನ ಮೋಸಹೋಗುವರೆಂದು ಸರ್ಕಾರ ಹೊಸದನ್ನು 'ನಯಾ ಪೈಸೆ' ಎಂದು ಕರೆಯಿತು. ಜನಕ್ಕೆ ರೂಢಿಯಾದ ಬಳಿಕ, 1964ರಲ್ಲಿ, 'ನಯಾ' ಎಂಬ ಪದವನ್ನು ಕೈಬಿಟ್ಟಿತು.

ಕಂಪ್ಯೂಟರ್ ಲೋಕದಲ್ಲಿಯೂ ಇಂತಹ ಪ್ರಯತ್ನ ನಡೆಯಿತು. 1998ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು 1,024ರ ಎಣಿಕೆಗೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಪ್ರತ್ಯೇಕ ಹೆಸರುಗಳನ್ನು ಕೊಟ್ಟಿತು. ವಿಂಡೋಸ್ ಎಣಿಸುವುದು ಗಿಬಿಬೈಟಿನಲ್ಲಿ. ಆದರೆ ಬರೆದು ತೋರಿಸುವುದು ಜಿ.ಬಿ. ಎಂದು. ಗೊಂದಲದ ಮೂಲ ಇಲ್ಲಿದೆ. ಆಪಲ್ ಸಂಸ್ಥೆಯ ಮ್ಯಾಕ್ ಕಂಪ್ಯೂಟರುಗಳು 2009ರಲ್ಲಿ ದಶಮಾನ ಲೆಕ್ಕಕ್ಕೆ ಬದಲಾದವು. ಆದ್ದರಿಂದ ಒಂದೇ ಡಿಸ್ಕು ಮ್ಯಾಕಿನಲ್ಲಿ 1 ಟೆರಾಬೈಟ್ ಎಂದೂ ವಿಂಡೋಸಿನಲ್ಲಿ 931 ಗಿಗಾಬೈಟ್ ಎಂದೂ ತೋರುತ್ತದೆ.

ನಮ್ಮಂತೆಯೇ ಸಿಟ್ಟಾದವರು ಬೇರೆ ಕಡೆಯೂ ಇದ್ದರು. ಅಮೆರಿಕೆಯಲ್ಲಿ ಗ್ರಾಹಕರು ಇದೇ ವ್ಯತ್ಯಾಸವನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು. ವೆಸ್ಟರ್ನ್ ಡಿಜಿಟಲ್ ಸಂಸ್ಥೆ 2006ರಲ್ಲಿ, ಸೀಗೇಟ್ ಸಂಸ್ಥೆ 2007ರಲ್ಲಿ ಅಂತಹ ವ್ಯಾಜ್ಯಗಳನ್ನು ರಾಜಿಯಲ್ಲಿ ಮುಗಿಸಿಕೊಂಡವು. ಇಂದು ಡಿಸ್ಕಿನ ಪೆಟ್ಟಿಗೆಯ ಒಂದು ಮೂಲೆಯಲ್ಲಿ 1 ಗಿಗಾಬೈಟ್ ಎಂದರೆ ನೂರು ಕೋಟಿ ಬೈಟ್ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಕಾಣಬಹುದು.

ಗೃಹಿಣಿಯರಿಗೂ ಮಕ್ಕಳಿಗೂ ಅನುಕೂಲವಾಗಲೆಂದು, ಯಾವ ಡಿಸ್ಕು ವಿಂಡೋಸಿನಲ್ಲಿ ಎಷ್ಟು ತೋರಿಸಬೇಕೆಂಬುದನ್ನು ಇಲ್ಲಿ ಕೊಟ್ಟಿದ್ದೇವೆ. ಒಂದಿಷ್ಟು ಹೆಚ್ಚುಕಡಿಮೆಯಾದರೆ ಗಾಬರಿ ಬೇಡ.

64 ಗಿಗಾಬೈಟಿನದು: ಸುಮಾರು 59 ಗಿಗಾಬೈಟ್
128 ಗಿಗಾಬೈಟಿನದು: ಸುಮಾರು 119 ಗಿಗಾಬೈಟ್
256 ಗಿಗಾಬೈಟಿನದು: ಸುಮಾರು 238 ಗಿಗಾಬೈಟ್
500 ಗಿಗಾಬೈಟಿನದು: ಸುಮಾರು 465 ಗಿಗಾಬೈಟ್
1 ಟೆರಾಬೈಟಿನದು: ಸುಮಾರು 931 ಗಿಗಾಬೈಟ್
2 ಟೆರಾಬೈಟಿನದು: ಸುಮಾರು 1.81 ಟೆರಾಬೈಟ್
4 ಟೆರಾಬೈಟಿನದು: ಸುಮಾರು 3.63 ಟೆರಾಬೈಟ್

ಇಷ್ಟನ್ನು ನೆನಪಿಡಲಾಗದಿದ್ದರೆ ಒಂದು ಸುಲಭ ಸೂತ್ರವಿದೆ. ಗಿಗಾಬೈಟಿನ ಅಂಕಿಯನ್ನು 0.93ರಿಂದ, ಟೆರಾಬೈಟಿನ ಅಂಕಿಯನ್ನು 0.91ರಿಂದ ಗುಣಿಸಿರಿ. ಅದಕ್ಕಿಂತಲೂ ಖಚಿತವಾದ ಮಾರ್ಗವೆಂದರೆ ಅಂಗಡಿಯ ಆ ತರುಣ ಹೇಳಿದ್ದೇ. ಡ್ರೈವಿನ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆದರೆ, 'ಕೆಪಾಸಿಟಿ' ಎಂಬ ಸಾಲಿನಲ್ಲಿ ಗಿಗಾಬೈಟಿನ ಪಕ್ಕದಲ್ಲಿಯೇ ಪೂರ್ಣ ಬೈಟುಗಳ ಸಂಖ್ಯೆ ಇರುತ್ತದೆ. ಬೈಟಿನ ಲೆಕ್ಕದಲ್ಲಿ ತಯಾರಕನಿಗೂ ವಿಂಡೋಸಿಗೂ ಭಿನ್ನಾಭಿಪ್ರಾಯವಿಲ್ಲ. 1 ಟೆರಾಬೈಟಿನ ಡಿಸ್ಕಿನಲ್ಲಿ ಆ ಸಂಖ್ಯೆ ಒಂದು ಲಕ್ಷ ಕೋಟಿಯ ಆಸುಪಾಸಿನಲ್ಲಿದ್ದರೆ ಅಂಗಡಿಯವನೊಡನೆ ಜಗಳಕ್ಕೆ ಕಾರಣವಿಲ್ಲ.

ಅರ್ಧಕ್ಕೇ ನಿಂತ ಡಿಸ್ಕು

ಮೇಲೆ ಹೇಳಿದ ವ್ಯತ್ಯಾಸ ನೂರಕ್ಕೆ ಏಳರಿಂದ ಒಂಬತ್ತರಷ್ಟು ಮಾತ್ರ. ಡಿಸ್ಕು ಅದಕ್ಕಿಂತ ಬಹಳ ಕಡಿಮೆ ತೋರಿಸಿದರೆ ಕಾರಣ ಬೇರೆಯೇ ಇರುತ್ತದೆ. ನಮ್ಮ ಬೀಗರೊಬ್ಬರು ತಮ್ಮ ಹಳೆಯ ಕಂಪ್ಯೂಟರಿಗೆ 4 ಟೆರಾಬೈಟಿನ ಡಿಸ್ಕನ್ನು ಹಾಕಿಸಿದರು. ಅದು 2 ಟೆರಾಬೈಟ್ ಮಾತ್ರ ಬಳಕೆಗೆ ಕೊಟ್ಟಿತು. ಡಿಸ್ಕು ಕೆಟ್ಟಿದೆಯೆಂದು ಅವರು ತಿಳಿದಿದ್ದರು. ಕೆಟ್ಟಿರಲಿಲ್ಲ.

ಡಿಸ್ಕಿನ ಆರಂಭದಲ್ಲಿ ಅದರ ಭಾಗಗಳ ಎಲ್ಲೆಕಟ್ಟನ್ನು ಬರೆದಿಡುವ ಒಂದು ಪಟ್ಟಿ ಇರುತ್ತದೆ. ಹೊಲದ ಚಕ್ಕುಬಂದಿಯಂತೆಂದು ಭಾವಿಸಿರಿ. ಎಂ.ಬಿ.ಆರ್. ಎಂಬ ಹಳೆಯ ಪಟ್ಟಿಯ ಪದ್ಧತಿ 1983ರಿಂದ ಬಳಕೆಯಲ್ಲಿದೆ. ಅದರಲ್ಲಿ ಎಲ್ಲೆಯನ್ನು ಬರೆಯಲು ಇರುವ ಸ್ಥಳ 32 ಅಂಕಸ್ಥಾನಗಳು. ಪ್ರತಿ ಸ್ಥಾನದಲ್ಲಿ ಸೊನ್ನೆ ಅಥವಾ ಒಂದನ್ನು ಮಾತ್ರ ಬರೆಯಬಹುದು. ಇದರಿಂದ ಎಣಿಸಬಹುದಾದ ಗರಿಷ್ಠ ಸಂಖ್ಯೆ 4,29,49,67,296. ಡಿಸ್ಕಿನ ಒಂದೊಂದು ತುಣುಕು ಸಾಮಾನ್ಯವಾಗಿ 512 ಬೈಟಿನದಾದುದರಿಂದ ಎಲ್ಲ ಸೇರಿ ಸುಮಾರು 2.2 ಲಕ್ಷ ಕೋಟಿ ಬೈಟಿಗೆ ಆ ಪಟ್ಟಿಯ ಶಕ್ತಿ ಮುಗಿಯುತ್ತದೆ. ವಿಂಡೋಸಿನ ಭಾಷೆಯಲ್ಲಿ ಇದೇ 2 ಟೆರಾಬೈಟ್. ಅದರಾಚೆಗಿನ ಭೂಮಿ ಇದ್ದರೂ ಪತ್ರದಲ್ಲಿ ಬರೆಯಲು ಬರುವುದಿಲ್ಲ. 'ಡಿಸ್ಕ್ ಮ್ಯಾನೇಜ್‌ಮೆಂಟ್' ಎಂಬ ಉಪಕರಣವನ್ನು ತೆರೆದು ನೋಡಿದರೆ ಬೀಗರ ಡಿಸ್ಕಿನಲ್ಲಿ ಸುಮಾರು 1,678 ಗಿಗಾಬೈಟ್ ಜಾಗ 'ಅನ್‌ಅಲೊಕೇಟೆಡ್' ಎಂಬ ಹೆಸರಿನಲ್ಲಿ ಬೀಳುಬಿದ್ದಿತ್ತು.

ಇದಕ್ಕೆ ಪರಿಹಾರ ಜಿ.ಪಿ.ಟಿ. ಎಂಬ ಹೊಸ ಪಟ್ಟಿ. ಅದರಲ್ಲಿ ಎಲ್ಲೆ ಬರೆಯಲು 64 ಸ್ಥಾನಗಳಿರುವುದರಿಂದ ನಮ್ಮ ಕಾಲಕ್ಕೆ ಅದು ತುಂಬುವ ಭಯವಿಲ್ಲ. ಆದರೆ ಒಂದು ಎಚ್ಚರಿಕೆಯನ್ನು ಮರೆಯಲಾಗದು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹಳೆಯ ಪಟ್ಟಿಯನ್ನು ಹೊಸದಕ್ಕೆ ಬದಲಿಸಬೇಕಾದರೆ ಡಿಸ್ಕಿನಲ್ಲಿರುವ ಎಲ್ಲ ಭಾಗಗಳನ್ನೂ ಮೊದಲು ಅಳಿಸಬೇಕಾಗುತ್ತದೆ. ಒಳಗಿನ ವಸ್ತುವನ್ನು ಬೇರೆಡೆ ನಕಲು ಮಾಡಿಟ್ಟು, ಆ ನಕಲನ್ನು ತೆರೆದು ನೋಡಿದ ಮೇಲೆಯೇ ಆ ಕೆಲಸಕ್ಕೆ ಕೈಹಾಕಬೇಕು.

ಇನ್ನೊಂದು ವಿಚಿತ್ರ ಸಂಗತಿಯೂ ಉಂಟು. 3 ಟೆರಾಬೈಟಿನ ಡಿಸ್ಕನ್ನು ಹಳೆಯ ಯು.ಎಸ್.ಬಿ. ಡಬ್ಬಿಯಲ್ಲಿಟ್ಟು ಜೋಡಿಸಿದಾಗ ಅದು 746 ಗಿಗಾಬೈಟ್ ಮಾತ್ರ ಎಂದು ತೋರುವುದುಂಟು. ಸ್ಕೂಟರಿನ ಮೈಲಿ ಎಣಿಸುವ ಯಂತ್ರವು 99,999 ಆದಮೇಲೆ ಮತ್ತೆ ಸೊನ್ನೆಯಿಂದ ಆರಂಭಿಸುವುದನ್ನು ನೋಡಿದವರಿಗೆ ಇದು ಅರ್ಥವಾದೀತು. ವಿಂಡೋಸ್ ಲೆಕ್ಕದಲ್ಲಿ ಆ ಡಿಸ್ಕು 2,794 ಗಿಗಾಬೈಟಿನದು. 2,048ಕ್ಕೆ ಡಬ್ಬಿಯ ಎಣಿಕೆ ತುಂಬಿ ಮರಳಿ ಸೊನ್ನೆಗೆ ಬರುತ್ತದೆ. ಉಳಿದ 746 ಮಾತ್ರ ಕಾಣುತ್ತದೆ. ಡಬ್ಬಿಯನ್ನು ಬದಲಿಸಿದರೆ ಡಿಸ್ಕು ತನ್ನ ಪೂರ್ಣ ರೂಪದಲ್ಲಿ ಕಾಣಿಸುತ್ತದೆ. ಹಳೆಯ ಡಬ್ಬಿಯಲ್ಲಿಯೇ ತುಂಬಲು ಹೊರಟರೆ ಮಾತ್ರ ಅಪಾಯ ತಪ್ಪಿದ್ದಲ್ಲ.

ಇಂತಹ ಮಿತಿಗಳ ಇತಿಹಾಸವೇ ಒಂದು ಪಾಠ. 1990ರ ದಶಕದ ಆದಿಯಲ್ಲಿ 528 ಮೆಗಾಬೈಟಿನಾಚೆ ಕಾಣದ ಕಂಪ್ಯೂಟರುಗಳಿದ್ದವು. ಆಮೇಲೆ 8.4 ಗಿಗಾಬೈಟಿನ ಗಡಿ, ಅದರ ನಂತರ 137 ಗಿಗಾಬೈಟಿನ ಗಡಿ ಬಂದವು. ಕೊನೆಯದನ್ನು ದಾಟಲು ವಿಂಡೋಸ್ ಎಕ್ಸ್‌ಪಿಗೆ 2002ರಲ್ಲಿ ಬಂದ ಮೊದಲ ತಿದ್ದುಪಡಿಯೇ ಬೇಕಾಯಿತು. ಪ್ರತಿ ಸಲವೂ 'ಇಷ್ಟು ಸ್ಥಳ ಸಾಕು' ಎಂದು ಭಾವಿಸಿದ್ದೇ ಮುಂದೆ ತೊಡಕಾಯಿತು.

ಇವಲ್ಲದೆ ಸಣ್ಣಪುಟ್ಟ ಕಾರಣಗಳೂ ಇವೆ. ವಿಂಡೋಸ್ ಅಳವಡಿಸಲು ಒಮ್ಮೆ ಬಳಸಿದ ದೊಡ್ಡ ಪೆನ್‌ಡ್ರೈವ್ ಅನಂತರ 32 ಗಿಗಾಬೈಟ್ ಮಾತ್ರ ತೋರಿಸುವುದುಂಟು; ಉಳಿದ ಜಾಗ ಹಂಚಿಕೆಯಾಗದೆ ಉಳಿದಿರುತ್ತದೆ. ಕೊಂಡ ಕಂಪ್ಯೂಟರಿನ ಡಿಸ್ಕಿನಲ್ಲಿ ದುರಸ್ತಿಗೆಂದು ತಯಾರಕರು ಒಂದು ಭಾಗವನ್ನು ಮರೆಯಲ್ಲಿಟ್ಟಿರುತ್ತಾರೆ. ಇವೆಲ್ಲವೂ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕಾಣಿಸುತ್ತವೆ. ಡಿಸ್ಕು ಸೊನ್ನೆ ಬೈಟ್ ಎಂದು ತೋರಿಸಿದರೆ, ಇಲ್ಲವೆ ಒಳಗಿನಿಂದ ಟಿಕ್ ಟಿಕ್ ಶಬ್ದ ಬಂದರೆ ಮಾತ್ರ ಮಾತು ಬೇರೆ. ಅದು ಲೆಕ್ಕದ ದೋಷವಲ್ಲ, ಯಂತ್ರದ ರೋಗ. 'ಫಾರ್ಮ್ಯಾಟ್ ಮಾಡಲೇ?' ಎಂದು ಕಂಪ್ಯೂಟರ್ ಕೇಳಿದರೆ ಒಪ್ಪಬಾರದು. ಮತ್ತೆ ಮತ್ತೆ ವಿದ್ಯುತ್ ಕೊಟ್ಟು ಪ್ರಯತ್ನಿಸದೆ, ಮಾಹಿತಿ ಹಿಂಪಡೆಯುವ ಕೆಲಸ ಬಲ್ಲವರ ಬಳಿಗೆ ಒಯ್ಯಬೇಕು.

ಪೂರ್ತಿ ತೋರಿಸುವ ಸುಳ್ಳು

ಈಗ ನಮ್ಮ ಏಳುನೂರು ರೂಪಾಯಿಯ ಪೆನ್‌ಡ್ರೈವಿನ ವಿಚಾರ. ಪೆನ್‌ಡ್ರೈವಿನಲ್ಲಿ ಎರಡು ಮುಖ್ಯ ಅಂಗಗಳಿರುತ್ತವೆ. ಒಂದು, ಮಾಹಿತಿಯನ್ನು ಹಿಡಿದಿಡುವ ಚಿಪ್ಪು. ಇನ್ನೊಂದು, ಕಂಪ್ಯೂಟರಿನೊಡನೆ ವ್ಯವಹರಿಸುವ ನಿಯಂತ್ರಕ. 'ನಿನ್ನಲ್ಲಿ ಎಷ್ಟು ಜಾಗವಿದೆ?' ಎಂದು ಕಂಪ್ಯೂಟರ್ ಕೇಳುವುದು ನಿಯಂತ್ರಕವನ್ನು. ಅದು ಹೇಳಿದ ಮಾತನ್ನು ಕಂಪ್ಯೂಟರ್ ಪರೀಕ್ಷಿಸದೆ ಪರದೆಯ ಮೇಲೆ ಬರೆಯುತ್ತದೆ. ವಂಚಕರು 64 ಗಿಗಾಬೈಟಿನ ಚಿಪ್ಪನ್ನಿಟ್ಟು, '2 ಟೆರಾಬೈಟ್ ಎಂದು ಹೇಳು' ಎಂದು ನಿಯಂತ್ರಕಕ್ಕೆ ಕಲಿಸಿಬಿಡುತ್ತಾರೆ.

ಇಂತಹ ಡ್ರೈವಿಗೆ ತುಂಬುವಾಗ ಯಾವ ದೋಷವೂ ಕಾಣಿಸುವುದಿಲ್ಲ. ಮೊದಲ 60 ಗಿಗಾಬೈಟಿನಷ್ಟು ನಿಜವಾಗಿಯೇ ಸೇರುತ್ತದೆ. ಅನಂತರ ಬಂದದ್ದನ್ನು ಅದು ಗಾಳಿಗೆ ತೂರುತ್ತದೆ, ಇಲ್ಲವೆ ಹಳೆಯದರ ಮೇಲೆಯೇ ಬರೆದು ಅದನ್ನೂ ಕೆಡಿಸುತ್ತದೆ. ಕಡತಗಳ ಹೆಸರು ಮತ್ತು ಗಾತ್ರದ ಪಟ್ಟಿ ಸಾಮಾನ್ಯವಾಗಿ ಡ್ರೈವಿನ ಆರಂಭದ ಭಾಗದಲ್ಲಿರುವುದರಿಂದ ಅದು ಮಾತ್ರ ಉಳಿದುಕೊಳ್ಳುತ್ತದೆ. ಆದ್ದರಿಂದಲೇ ತಾಯಿಯವರ ಹಾಡುಗಳ ಹೆಸರಿತ್ತು, ಹಾಡಿರಲಿಲ್ಲ. ಮೊದಲು ತುಂಬಿದ ವಿಡಿಯೋಗಳನ್ನು ಮಾತ್ರ ತೆರೆದು ನೋಡಿ ನಾವು ಸಮಾಧಾನ ತಂದುಕೊಂಡಿದ್ದೆವು. ಕೊನೆಗೆ ತುಂಬಿದ್ದನ್ನು ತೆರೆದು ನೋಡಿದ್ದರೆ ಅಂದೇ ಮೋಸ ಬಯಲಾಗುತ್ತಿತ್ತು.

ಅಣ್ಣನ ಮಗಳು ತೋರಿಸಿಕೊಟ್ಟ ಇನ್ನೊಂದು ಸಂಗತಿ ನಮ್ಮನ್ನು ತಲೆತಗ್ಗಿಸುವಂತೆ ಮಾಡಿತು. "ಚಿಕ್ಕಪ್ಪಾ, ನಿಜವಾದ 2 ಟೆರಾಬೈಟಿನದಾಗಿದ್ದರೆ ವಿಂಡೋಸಿನಲ್ಲಿ 1.81 ಎಂದು ತೋರಿಸಬೇಕಿತ್ತು. ಇದು 2.00 ಎಂದು ತೋರಿಸಿದಾಗಲೇ ಅನುಮಾನ ಪಡಬೇಕಿತ್ತು" ಎಂದಳು. ಯಾವ ಅಂಕಿಯನ್ನು ನೋಡಿ ಪ್ರಾಮಾಣಿಕತೆಯೆಂದು ಮೆಚ್ಚಿದ್ದೆವೋ ಅದೇ ಮೋಸದ ಗುರುತಾಗಿತ್ತು. ಹಾಗೆಂದು ಈ ಗುರುತೊಂದನ್ನೇ ನಂಬಿ ಕೂಡುವಂತಿಲ್ಲ. ಜಾಣ ವಂಚಕರು 1.81 ಎಂದು ತೋರಿಸುವಂತೆಯೂ ಮಾಡಬಲ್ಲರು.

ತುಂಬಿ ನೋಡುವ ಪರೀಕ್ಷೆ

ಕೊಡ ಸೋರುತ್ತದೆಯೋ ಇಲ್ಲವೋ ತಿಳಿಯಲು ನೀರು ತುಂಬಿ ನೋಡುವುದೊಂದೇ ದಾರಿ. ಡ್ರೈವಿಗೂ ಅದೇ ಪರೀಕ್ಷೆ. ವಿಂಡೋಸಿನಲ್ಲಿ 'ಎಚ್2ಟೆಸ್ಟ್‌ಡಬ್ಲ್ಯೂ' ಎಂಬ ಉಚಿತ ತಂತ್ರಾಂಶವಿದೆ. ಜರ್ಮನಿಯ ಕಂಪ್ಯೂಟರ್ ಪತ್ರಿಕೆ ಸಿ'ಟಿ ಅದನ್ನು ಓದುಗರಿಗೆಂದು ಹೊರತಂದಿತು. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ 'ಎಫ್3' ಎಂಬುದಿದೆ. ಇವು ಡ್ರೈವನ್ನು ಅಂಚಿನವರೆಗೆ ಗುರುತಿನ ಮಾಹಿತಿಯಿಂದ ತುಂಬಿ, ಬಳಿಕ ಪ್ರತಿಯೊಂದನ್ನೂ ಓದಿ ತಾಳೆ ನೋಡುತ್ತವೆ. ನಮ್ಮ ಪೆನ್‌ಡ್ರೈವ್ ಈ ಪರೀಕ್ಷೆಯಲ್ಲಿ 60 ಗಿಗಾಬೈಟಿನ ಹತ್ತಿರ ಸೋತುಹೋಯಿತು.

ಇದಕ್ಕೆ ತಾಳ್ಮೆ ಬೇಕು. ಸೆಕೆಂಡಿಗೆ 20 ಮೆಗಾಬೈಟ್ ವೇಗದ 64 ಗಿಗಾಬೈಟಿನ ಪೆನ್‌ಡ್ರೈವನ್ನು ತುಂಬಲು ಸುಮಾರು 53 ನಿಮಿಷ ಹಿಡಿಯುತ್ತದೆ. ಸೆಕೆಂಡಿಗೆ 100 ಮೆಗಾಬೈಟ್ ವೇಗದ 1 ಟೆರಾಬೈಟಿನ ಡಿಸ್ಕನ್ನು ತುಂಬಲು ಎರಡೂಮುಕ್ಕಾಲು ಗಂಟೆಗೂ ಮಿಗಿಲಾದ ಕಾಲ ಬೇಕು. ಓದಿ ನೋಡಲು ಮತ್ತಷ್ಟು ಸಮಯ ಸೇರಿಸಿಕೊಳ್ಳಬೇಕು. ರಾತ್ರಿ ಮಲಗುವ ಮುನ್ನ ಆರಂಭಿಸಿದರೆ ಬೆಳಗಿನ ಹೊತ್ತಿಗೆ ಫಲಿತಾಂಶ ಸಿದ್ಧವಾಗಿರುತ್ತದೆ. ಡ್ರೈವು ಖಾಲಿಯಿರುವಾಗಲೇ, ಅಂದರೆ ಕೊಂಡ ದಿನವೇ ಇದನ್ನು ಮಾಡಬೇಕು. ತುಂಬಿದ ಡ್ರೈವಿನ ಮೇಲೆ ಮಾಡಿದರೆ, ಅದು ನಕಲಿಯಾಗಿದ್ದ ಪಕ್ಷದಲ್ಲಿ ಉಳಿದಿರುವುದೂ ಹಾಳಾದೀತು.

ಪರೀಕ್ಷೆಯಲ್ಲಿ ಸೋತರೆ ಸುಮ್ಮನಿರಬೇಕಾಗಿಲ್ಲ. ಫಲಿತಾಂಶದ ಚಿತ್ರವನ್ನೂ ರಸೀದಿಯನ್ನೂ ತೆಗೆದಿಟ್ಟುಕೊಂಡು ಮಾರಿದವರಿಂದ ಹಣ ಕೇಳಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅಂತರ್ಜಾಲದ ಮೂಲಕ ಕೊಂಡ ಸರಕಿಗೂ ಅನ್ವಯಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಇನ್ನು, ಡ್ರೈವು ಎಷ್ಟೇ ಒಳ್ಳೆಯದಾಗಿರಲಿ, ಒಂದನ್ನೇ ನಂಬಿ ಮೂಲವನ್ನು ಅಳಿಸಬಾರದು. ಮತ್ತೆ ದೊರೆಯದ ವಸ್ತುವಿಗೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ತಂತ್ರಜ್ಞರು ಬೋಧಿಸುವ ಈ ನಿಯಮವನ್ನು ನಮ್ಮ ಹಿರಿಯರು ಬಿತ್ತನೆಯ ಬೀಜದ ವಿಷಯದಲ್ಲಿ ಮೊದಲಿನಿಂದಲೂ ಪಾಲಿಸಿಕೊಂಡು ಬಂದಿದ್ದರು.

ಉಳಿದದ್ದು

ತಾಯಿಯವರ ಹಾಡುಗಳಲ್ಲಿ ಏಳು ಮಾತ್ರ ನಮಗೆ ಉಳಿದವು. ಅಕ್ಕನವರು ಅವುಗಳನ್ನು ಯಾವಾಗಲೋ ತಮ್ಮ ಮೊಬೈಲಿಗೆ ಹಾಕಿಸಿಕೊಂಡಿದ್ದರು. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಕೇಳಲು ಇರಲಿ ಎಂದು ಅವರು ಉಳಿಸಿಕೊಂಡದ್ದು ಇಂದು ಇಡೀ ಮನೆತನದ ಆಸ್ತಿಯಾಗಿದೆ. ಪೆನ್‌ಡ್ರೈವಿಗೆ ಸೇರದೇ ಹೋದ ಹಾಡುಗಳನ್ನು ಯಾವ ತಜ್ಞರೂ ಹಿಂದಿರುಗಿಸಲಾರರು. ಬರೆದು ಅಳಿಸಿದ್ದನ್ನು ಎಷ್ಟೋ ಸಲ ಮರಳಿ ಪಡೆಯಬಹುದು. ಬರೆಯದೇ ಇದ್ದುದನ್ನು ಪಡೆಯುವುದು ಎಲ್ಲಿಂದ?

ಮರುವಾರ ನಾವು ಆ ಹಳೆಯ ಅಂಗಡಿಗೆ ಹೋದೆವು. ಅಂದೂ ಗಿರಾಕಿಗಳಿದ್ದರು. ಅವರ ಎದುರಿಗೇ ತಪ್ಪಾಯಿತೆಂದು ಹೇಳಿದೆವು. ಬೈದದ್ದು ಜನರ ಎದುರಿಗೆ ಆದಮೇಲೆ ಕ್ಷಮೆ ಕೇಳುವುದೂ ಜನರ ಎದುರಿಗೇ ಆಗಬೇಕಲ್ಲವೆ? ಆ ತರುಣ ಎದ್ದು ನಿಂತು, "ಬಿಡಿ ಯಜಮಾನ್ರೇ, ನೀವು ದೊಡ್ಡವರು. ಬೇರೆ ಯಾರಾದರೂ ಆಗಿದ್ದರೆ ತಿರುಗಿ ಬರುತ್ತಿರಲಿಲ್ಲ" ಎಂದು ಕುರ್ಚಿ ಎಳೆದು ಕೂರಿಸಿದ. 1 ಟೆರಾಬೈಟಿನ ಎರಡು ಡಿಸ್ಕುಗಳನ್ನು ಕೊಂಡೆವು. ಎರಡೂ 931 ಎಂದೇ ತೋರಿಸಿದವು. ಎರಡನ್ನೂ ರಾತ್ರಿಯಿಡೀ ತುಂಬಿ ಪರೀಕ್ಷಿಸಿದೆವು, ಎರಡೂ ಗೆದ್ದವು. ಏಳು ಹಾಡುಗಳು ಈಗ ಎರಡರಲ್ಲಿಯೂ ಇವೆ. ಒಂದು ನಮ್ಮಲ್ಲಿದೆ, ಇನ್ನೊಂದು ಅಕ್ಕನವರ ಊರಿನಲ್ಲಿದೆ.

ಓದುಗ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟೆ. ಇಂದು ಸಂಜೆ ಬಿಡುವು ಮಾಡಿಕೊಂಡು, ನಿಮ್ಮ ಮನೆಯ ಡಿಸ್ಕಿನಲ್ಲಿ ಎಲ್ಲಕ್ಕಿಂತ ಕೊನೆಗೆ ತುಂಬಿದ ಚಿತ್ರವನ್ನೋ ಹಾಡನ್ನೋ ಒಮ್ಮೆ ತೆರೆದು ನೋಡಿರಿ. ಅದು ತೆರೆದರೆ ಸಂತೋಷ. ತೆರೆಯದಿದ್ದರೆ ಮೂಲವನ್ನು ಅಳಿಸುವ ಮುನ್ನವೇ ನಿಮಗೆ ತಿಳಿಯಿತೆಂದು ನಾವು ಸಮಾಧಾನಪಡುತ್ತೇವೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಶರಣು ಶರಣಾರ್ಥಿ.